ರೂಯಿಬೋಸ್: ಕೆಫೀನ್ ಇಲ್ಲದ ಕೆಂಪು ಚಹಾದಿಂದ ನಿಜಕ್ಕೂ ಏನು ಲಾಭ?

ನಿದ್ದೆ ಬರುತ್ತಿಲ್ಲ ಎಂದು ಡಾಕ್ಟರ್ ಹತ್ತಿರ ಹೋದರೆ, ‘ದಿನಕ್ಕೆ ಎಷ್ಟು ಸಲ ಕಾಫಿ, ಟೀ ಕುಡೀತೀರಿ?’ ಎಂದು ಕೇಳುತ್ತಾರೆ. ಬಸುರಿಯರಿಗೂ ಇದೇ ಪ್ರಶ್ನೆ. ರಿಪೋರ್ಟಿನಲ್ಲಿ ಹಿಮೋಗ್ಲೋಬಿನ್ ಕಡಿಮೆ ಬಂದವರಿಗೂ ಇದೇ ಪ್ರಶ್ನೆ. ಕಮ್ಮಿ ಮಾಡಿ ಎಂದು ಹೇಳುವುದು ಸುಲಭ. ಆದರೆ ಸಂಜೆಯಾದರೆ ಕೈಗೊಂದು ಬಿಸಿ ಲೋಟ ಬೇಕೇ ಬೇಕು, ಅಲ್ವಾ? ಅದರಲ್ಲಿ ಕಾಫಿ, ಟೀ ಬಿಟ್ಟು ಇನ್ನೇನು ಹಾಕುವುದು?

ಈ ಜಾಗಕ್ಕೆ ಈಗ ನಮ್ಮ ಸೂಪರ್‌ಮಾರ್ಕೆಟ್‌ಗಳಲ್ಲೂ ಆನ್‌ಲೈನ್ ಅಂಗಡಿಗಳಲ್ಲೂ ಬಂದು ಕೂತಿರುವುದು ದಕ್ಷಿಣ ಆಫ್ರಿಕಾದ ರೂಯಿಬೋಸ್. ಕೆಂಪು ಬಣ್ಣ, ಸಕ್ಕರೆ ಹಾಕದಿದ್ದರೂ ಒಂಚೂರು ಸಿಹಿ, ಕೆಫೀನ್ ಸೊನ್ನೆ. ಡಬ್ಬಿಯ ಮೇಲೆ ಮಾತ್ರ ಭರವಸೆಗಳ ದೊಡ್ಡ ಸಾಲು. ಹೃದಯಕ್ಕೆ ಒಳ್ಳೆಯದು, ಸಕ್ಕರೆ ಕಾಯಿಲೆಗೆ ಒಳ್ಳೆಯದು, ಚರ್ಮಕ್ಕೆ ಹೊಳಪು ಬರುತ್ತದೆ ಎಂದೆಲ್ಲ. ಇದರಲ್ಲಿ ಎಷ್ಟು ನಿಜ ಎಂದು ಬಿಡಿಸಿ ನೋಡೋಣ. ನನ್ನ ತೀರ್ಮಾನ ಮೊದಲೇ ಹೇಳಿಬಿಡುತ್ತೇನೆ. ರೂಯಿಬೋಸ್ ಒಳ್ಳೆಯ ಪಾನೀಯ. ಅದರಲ್ಲಿ ಏನಿಲ್ಲವೋ ಅದೇ ಅದರ ದೊಡ್ಡ ಲಾಭ. ಏನಿದೆ ಎಂದು ಡಬ್ಬಿ ಕೂಗುತ್ತದೋ, ಅದಕ್ಕೆ ಪುರಾವೆ ಇನ್ನೂ ತೆಳುವಾಗಿದೆ.

ಇದು ಟೀ ಗಿಡವೇ ಅಲ್ಲ

ನಾವು ಕುಡಿಯುವ ಕಡಕ್ ಚಹಾ, ಗ್ರೀನ್ ಟೀ, ವೈಟ್ ಟೀ ಎಲ್ಲವೂ ಒಂದೇ ಗಿಡದ ಎಲೆ: ಕ್ಯಾಮೆಲಿಯಾ ಸೈನೆನ್ಸಿಸ್. ಎಲೆಯನ್ನು ಹದ ಮಾಡುವ ರೀತಿ ಮಾತ್ರ ಬೇರೆ. ಹಾಗಾಗಿ ಎಲ್ಲದರಲ್ಲೂ ಕೆಫೀನ್ ಇದ್ದೇ ಇದೆ. ‘ನಾನು ಕಾಫಿ ಬಿಟ್ಟಿದ್ದೇನೆ, ಈಗ ರಾತ್ರಿ ಗ್ರೀನ್ ಟೀ ಮಾತ್ರ’ ಎನ್ನುವವರು ಬಹಳ ಜನ ಇದ್ದಾರೆ. ಅವರು ಕೆಫೀನ್ ಬಿಟ್ಟಿಲ್ಲ, ಕಡಿಮೆ ಮಾಡಿದ್ದಾರೆ ಅಷ್ಟೇ. ಕೆಫೀನ್ ತೆಗೆದದ್ದು ಎಂದು ಮಾರುವ ಡಿಕ್ಯಾಫ್ ಕಾಫಿಯಲ್ಲೂ ಒಂದಿಷ್ಟು ಕೆಫೀನ್ ಉಳಿದಿರುತ್ತದೆ. ಗಿಡಮೂಲಿಕೆ ಚಹಾ ಎಂದು ಬರೆದಿದ್ದರೂ ನಂಬುವ ಹಾಗಿಲ್ಲ. ದಕ್ಷಿಣ ಅಮೆರಿಕದ ಯೆರ್ಬಾ ಮಾತೆ ಕೂಡ ಗಿಡಮೂಲಿಕೆಯೇ, ಆದರೆ ಅದರಲ್ಲಿ ಕೆಫೀನ್ ಚೆನ್ನಾಗಿಯೇ ಇದೆ.

ರೂಯಿಬೋಸ್ ಬೇರೆ ಜಾತಿ. ಇದರ ಸಸ್ಯಶಾಸ್ತ್ರದ ಹೆಸರು ಆಸ್ಪಲಾಥಸ್ ಲಿನಿಯಾರಿಸ್. ನಮ್ಮ ತೊಗರಿ, ಕಡಲೆ ಇವೆಯಲ್ಲ, ಅದೇ ದ್ವಿದಳ ಧಾನ್ಯದ ಕುಟುಂಬದ್ದು. ಸೂಜಿಯಂಥ ಸಣ್ಣ ಎಲೆ, ಹಳದಿ ಹೂವು, ಒಂದಾಳೆತ್ತರಕ್ಕೂ ಬಾರದ ಪೊದೆ. ಕೇಪ್ ಟೌನ್‌ನಿಂದ ಉತ್ತರಕ್ಕೆ ಇನ್ನೂರು ಕಿಲೋಮೀಟರ್ ಆಚೆ ಸೀಡರ್‌ಬರ್ಗ್ ಬೆಟ್ಟಸಾಲು ಇದೆ. ಅದರ ಸುತ್ತಲಿನ ಮರಳು ಮಣ್ಣಿನಲ್ಲಿ, ಚಳಿಗಾಲದಲ್ಲಿ ಬೀಳುವ ಮಳೆ ನಂಬಿಕೊಂಡು ಬೆಳೆಯುತ್ತದೆ. ಬೇಸಿಗೆ ಒಣಗಿಸುವಾಗ ತಾಯಿಬೇರು ಎರಡು ಮೀಟರ್‌ವರೆಗೂ ಕೆಳಗಿಳಿದು ನೀರು ಹುಡುಕುತ್ತದೆ. ಬೇರೆ ದೇಶಗಳಲ್ಲಿ ಬೆಳೆಸಲು ನೋಡಿದವರಿದ್ದಾರೆ, ವ್ಯಾಪಾರಕ್ಕಾಗುವಷ್ಟು ಎಲ್ಲೂ ಹತ್ತಲಿಲ್ಲ.

ಅಲ್ಲಿನ ಮೂಲನಿವಾಸಿಗಳಾದ ಖೋಯ್ ಮತ್ತು ಸ್ಯಾನ್ ಜನರಿಗೆ ಈ ಗಿಡದ ಬಳಕೆ ಮೊದಲಿನಿಂದ ಗೊತ್ತಿತ್ತು. 1904ರಲ್ಲಿ ಬೆಂಜಮಿನ್ ಗಿನ್ಸ್‌ಬರ್ಗ್ ಎಂಬ ವ್ಯಾಪಾರಿ ಇದನ್ನು ಪೇಟೆಗೆ ತಂದ. ಆಗೆಲ್ಲ ಬೆಟ್ಟದಲ್ಲಿ ತಾನಾಗಿ ಬೆಳೆದದ್ದನ್ನೇ ಕೊಯ್ದು ತರಬೇಕಿತ್ತು. ಹೊಲದಲ್ಲಿ ಬೆಳೆಯೋಣ ಎಂದರೆ ಬೀಜ ಸಿಗುತ್ತಿರಲಿಲ್ಲ. ಕಾಯಿ ಒಣಗಿದ ಕೂಡಲೇ ಸಿಡಿದು ಬೀಜ ಮರಳಿನಲ್ಲಿ ಕಳೆದುಹೋಗುತ್ತಿತ್ತು. ಸಿಕ್ಕ ಬೀಜವೂ ಸಿಪ್ಪೆ ಗಟ್ಟಿಯಾಗಿ ಮೊಳೆಯುತ್ತಿರಲಿಲ್ಲ. ಕ್ಲ್ಯಾನ್‌ವಿಲಿಯಂ ಊರಿನ ವೈದ್ಯ ಪೀಟರ್ ಲೆ ಫ್ರಾಸ್ ನಾರ್ಟಿಯರ್ ಹಳ್ಳಿಗರಿಗೆ ಬೀಜ ತಂದುಕೊಡಲು ಹೇಳಿದರು. ಒಬ್ಬ ಸ್ಥಳೀಯ ಹೆಂಗಸು ಮಾತ್ರ ಬೇರೆಯವರಿಗಿಂತ ತುಂಬ ಜಾಸ್ತಿ ಬೀಜ ತರುತ್ತಿದ್ದಳಂತೆ. ಇರುವೆಗಳು ಬೀಜ ಹೊತ್ತೊಯ್ಯುವುದನ್ನು ನೋಡಿ, ಅವುಗಳ ಗೂಡು ಬಿಡಿಸಿ, ಒಳಗಿನ ಬೀಜದ ರಾಶಿಯನ್ನೇ ಕಂಡಿದ್ದಳು ಎಂದು ಅಲ್ಲಿನವರು ಹೇಳುತ್ತಾರೆ. ನಾರ್ಟಿಯರ್ ಆ ಬೀಜಗಳ ಸಿಪ್ಪೆಯನ್ನು ಬೀಸುಕಲ್ಲಿನಲ್ಲಿ ತರಚಿ ಮೊಳಕೆ ಬರಿಸಿದರು. ವೈದ್ಯರ ಹೆಸರು ಇತಿಹಾಸದಲ್ಲಿ ಉಳಿಯಿತು, ಆ ಹೆಂಗಸಿನ ಹೆಸರು ಉಳಿಯಲಿಲ್ಲ. ಇದು ನನಗೆ ಬೇಸರದ ಸಂಗತಿ. ಆದರೆ 2019ರಲ್ಲಿ ಒಂದು ಒಪ್ಪಂದವಾಯಿತು. ರೈತರಿಗೆ ಸಿಗುವ ಬೆಲೆಯ ಮೇಲೆ ಶೇ 1.5ರಷ್ಟು ಹಣವನ್ನು ರೂಯಿಬೋಸ್ ಉದ್ಯಮ ಖೋಯ್, ಸ್ಯಾನ್ ಸಮುದಾಯಗಳಿಗೆ ಕೊಡಬೇಕು. ತಡವಾಗಿಯಾದರೂ ಆಗಬೇಕಾದ ಕೆಲಸವೇ.

ಕೊಯ್ಲು ಬೇಸಿಗೆಯಲ್ಲಿ. ಕುಡುಗೋಲಿನಿಂದ ಕೊಯ್ದ ಹಸಿರು ಕಡ್ಡಿಗಳನ್ನು ಮೂರು-ನಾಲ್ಕು ಮಿಲಿಮೀಟರ್ ಉದ್ದಕ್ಕೆ ಕತ್ತರಿಸಿ, ಜಜ್ಜಿ, ನೀರು ಚಿಮುಕಿಸಿ ರಾಶಿ ಹಾಕುತ್ತಾರೆ. ರಾತ್ರಿಯೆಲ್ಲ ಆ ರಾಶಿ ಒಳಗೊಳಗೇ ಬೆಚ್ಚಗಾಗುತ್ತದೆ. ಬೆಳಗಾಗುವಷ್ಟರಲ್ಲಿ ಹಸಿರು ಹೋಗಿ ಇಟ್ಟಿಗೆ ಕೆಂಪು ಬಂದಿರುತ್ತದೆ, ಜೇನಿನಂಥ ವಾಸನೆ ಏಳುತ್ತದೆ. ಆಮೇಲೆ ಬಿಸಿಲಿಗೆ ತೆಳ್ಳಗೆ ಹರಡಿ ಒಣಗಿಸುತ್ತಾರೆ. ರೋಗಾಣು ಸಾಯಲಿ ಎಂದು ಕೊನೆಗೆ ಹಬೆ ಹಾಯಿಸುತ್ತಾರೆ. ರಾಶಿ ಹಾಕದೆ ನೇರ ಒಣಗಿಸಿದರೆ ಅದು ಹಸಿರು ರೂಯಿಬೋಸ್. ಈ ವ್ಯತ್ಯಾಸ ನೆನಪಿರಲಿ, ಮುಂದೆ ಬೇಕಾಗುತ್ತದೆ.

ಕೆಫೀನ್ ಇಲ್ಲದಿದ್ದರೆ ಏನಾಗುತ್ತದೆ

ನಾವು ಎಚ್ಚರವಿದ್ದಷ್ಟು ಹೊತ್ತೂ ಮೆದುಳಿನಲ್ಲಿ ಅಡಿನೋಸಿನ್ ಎಂಬ ವಸ್ತು ಸೇರುತ್ತಾ ಹೋಗುತ್ತದೆ. ಅದು ತನ್ನ ಜಾಗಕ್ಕೆ ಹೋಗಿ ಕೂತಾಗ ಆಕಳಿಕೆ, ಜೊಂಪು ಬರುತ್ತದೆ. ಕೆಫೀನ್ ಮಾಡುವ ಕೆಲಸ, ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದಂತೆ. ಅಡಿನೋಸಿನ್ ಕೂರಬೇಕಾದ ಜಾಗವನ್ನು ತಾನು ಹಿಡಿದುಕೊಳ್ಳುತ್ತದೆ. ದಣಿವು ಹೋಗಿರುವುದಿಲ್ಲ, ದಣಿವಿನ ಸುದ್ದಿ ಮಾತ್ರ ನಮಗೆ ಮುಟ್ಟುವುದಿಲ್ಲ.

ಇದು ಬೇಗ ಇಳಿಯುವುದೂ ಇಲ್ಲ. ಕುಡಿದ ಕೆಫೀನ್‌ನಲ್ಲಿ ಅರ್ಧ ಹೊರಹೋಗಲು ದೊಡ್ಡವರಿಗೆ ಸುಮಾರು ಐದು ಗಂಟೆ ಬೇಕು. ಸಂಜೆ ಆರಕ್ಕೆ ಕುಡಿದ ಕಾಫಿಯ ಅರ್ಧ ಕೆಫೀನ್ ರಾತ್ರಿ ಹನ್ನೊಂದಕ್ಕೂ ಮೈಯಲ್ಲಿ ಇದೆ ಎಂದಾಯಿತು. ಬಸುರಿಯರಲ್ಲಿ, ಅದರಲ್ಲೂ ಕೊನೆಯ ತಿಂಗಳುಗಳಲ್ಲಿ, ಈ ಐದು ಗಂಟೆ ಹದಿನೈದರವರೆಗೂ ಹೋಗುತ್ತದೆ. 2013ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಮಲಗುವ ಆರು ಗಂಟೆ ಮೊದಲು 400 ಮಿಲಿಗ್ರಾಂ ಕೆಫೀನ್ ತೆಗೆದುಕೊಂಡವರಿಗೂ ಒಂದು ಗಂಟೆಗಿಂತ ಜಾಸ್ತಿ ನಿದ್ದೆ ಕಡಿಮೆಯಾಯಿತು. ಅದು ದೊಡ್ಡ ಪ್ರಮಾಣ, ನಿಜ. ಆದರೂ ‘ನಂಗೆ ಕಾಫಿ ಕುಡಿದ್ರೂ ನಿದ್ದೆ ಬರುತ್ತಪ್ಪ’ ಎನ್ನುವವರು ಇದನ್ನು ಯೋಚಿಸಬೇಕು. ನಿದ್ದೆ ಬರುವುದು ಬೇರೆ, ಸಾಕಷ್ಟು ಆಳವಾದ ನಿದ್ದೆ ಆಗುವುದು ಬೇರೆ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಆಹಾರದ ಮಾರ್ಗಸೂಚಿ ಹೊರಡಿಸಿದವು. ಅದರ ಪ್ರಕಾರ 150 ಮಿಲಿಲೀಟರ್ ಡಿಕಾಕ್ಷನ್ ಕಾಫಿಯಲ್ಲಿ 80ರಿಂದ 120 ಮಿಲಿಗ್ರಾಂ, ಇನ್‌ಸ್ಟಂಟ್ ಕಾಫಿಯಲ್ಲಿ 50ರಿಂದ 65, ಟೀಯಲ್ಲಿ 30ರಿಂದ 65 ಮಿಲಿಗ್ರಾಂ ಕೆಫೀನ್ ಇರುತ್ತದೆ. ದಿನಕ್ಕೆ 300 ಮಿಲಿಗ್ರಾಂ ದಾಟಬಾರದು. ನಮ್ಮ ಮನೆಗಳ ಲೆಕ್ಕ ಹಾಕಿ ನೋಡಿ. ಬೆಳಗ್ಗೆ ಎದ್ದ ಕೂಡಲೇ ಒಂದು, ತಿಂಡಿ ಜೊತೆ ಒಂದು, ಆಫೀಸಿನಲ್ಲಿ ಎರಡು, ಸಂಜೆ ಒಂದು. ಚಿಕೋರಿ ಬೆರೆತ ಪುಡಿಯಾದರೆ ಕೆಫೀನ್ ಸ್ವಲ್ಪ ತಗ್ಗುತ್ತದೆ, ಏಕೆಂದರೆ ಚಿಕೋರಿಯಲ್ಲಿ ಅದು ಇಲ್ಲ. ಆದರೂ ಐದು ಲೋಟಕ್ಕೆ ಮಿತಿ ಸುಲಭವಾಗಿ ದಾಟಬಹುದು.

ಇದರಲ್ಲಿ ಕೊನೆಯ ಎರಡು ಲೋಟ ರೂಯಿಬೋಸ್ ಆದರೆ ಆ ಹೊರೆ ಇಳಿಯುತ್ತದೆ. ಎದೆ ಡವಡವ, ಕೈನಡುಕ, ರಾತ್ರಿ ಹೊರಳಾಟ ಇರುವವರಿಗೆ ವ್ಯತ್ಯಾಸ ಗೊತ್ತಾಗುತ್ತದೆ. ಆದರೆ ರೂಯಿಬೋಸ್ ನಿದ್ದೆ ಬರಿಸುತ್ತದೆ ಎಂಬ ಮಾತಿದೆಯಲ್ಲ, ಅದಕ್ಕೆ ಮನುಷ್ಯರ ಮೇಲೆ ನಡೆದ ಗಟ್ಟಿಯಾದ ಪ್ರಯೋಗದ ಆಧಾರವಿಲ್ಲ. ಅದು ನಿದ್ದೆಗೆ ಅಡ್ಡ ಬರುವುದಿಲ್ಲ, ಅಷ್ಟೇ. ಅಷ್ಟೇ ಸಾಕಲ್ವಾ?

ರಕ್ತಹೀನತೆ ಇರುವವರು ಇದನ್ನು ಓದಲೇಬೇಕು

ನನ್ನ ಮಟ್ಟಿಗೆ ರೂಯಿಬೋಸ್‌ನ ಅತಿ ಮುಖ್ಯ ಗುಣ ಇಲ್ಲಿದೆ. ವಿಚಿತ್ರ ಎಂದರೆ ಡಬ್ಬಿಗಳ ಮೇಲೆ ಇದರ ಸುದ್ದಿ ಅಷ್ಟಾಗಿ ಇರುವುದೇ ಇಲ್ಲ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ದೇಶದ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ 57ರಷ್ಟು ಮಂದಿಗೆ ರಕ್ತಹೀನತೆ ಕಂಡುಬಂತು. ಕರ್ನಾಟಕದಲ್ಲಿ ಸುಮಾರು ಶೇ 48. ನಮ್ಮಲ್ಲಿ ಹೆಚ್ಚಿನವರಿಗೆ ಕಬ್ಬಿಣದ ಅಂಶ ಸಿಗುವುದು ರಾಗಿ, ಸೊಪ್ಪು, ಬೇಳೆ, ಕಾಳುಗಳಿಂದ. ಸಸ್ಯಗಳಿಂದ ಬರುವ ಈ ಕಬ್ಬಿಣ ಮಾಂಸದ್ದರಷ್ಟು ಸಲೀಸಾಗಿ ಮೈಗೆ ಹತ್ತುವುದಿಲ್ಲ. ಅದರ ಮೇಲೆ ಊಟದ ಜೊತೆಗೇ ಟೀ ಕುಡಿದರೆ, ಟೀಯಲ್ಲಿರುವ ಟ್ಯಾನಿನ್ ಎಂಬ ಒಗರು ಅಂಶ ಹೊಟ್ಟೆಯಲ್ಲೇ ಆ ಕಬ್ಬಿಣವನ್ನು ಹಿಡಿದುಕೊಂಡು ಬಿಡುತ್ತದೆ. ಕರುಳಿಗೆ ಹೀರಲಾಗದೆ ಆ ಕಬ್ಬಿಣ ಹೊರಗೆ ಹೋಗುತ್ತದೆ.

1979ರಲ್ಲಿ ದಕ್ಷಿಣ ಆಫ್ರಿಕಾದ ವೈದ್ಯರು ಇದನ್ನು ನೇರವಾಗಿ ಅಳೆದರು. ಆರೋಗ್ಯವಂತ 30 ಯುವಕರನ್ನು ಮೂರು ಗುಂಪು ಮಾಡಿ, ಕಬ್ಬಿಣದ ಜೊತೆ ಒಂದು ಗುಂಪಿಗೆ ನೀರು, ಇನ್ನೊಂದಕ್ಕೆ ರೂಯಿಬೋಸ್, ಮತ್ತೊಂದಕ್ಕೆ ಮಾಮೂಲಿ ಟೀ ಕೊಟ್ಟರು. ನೀರು ಕುಡಿದವರ ಮೈಗೆ ಶೇ 9.34ರಷ್ಟು ಕಬ್ಬಿಣ ಹತ್ತಿತು. ರೂಯಿಬೋಸ್ ಕುಡಿದವರಿಗೆ ಶೇ 7.25. ಟೀ ಕುಡಿದವರಿಗೆ ಬರೀ ಶೇ 1.70. ಸಣ್ಣ ಪ್ರಯೋಗ, ಹಳೆಯದು, ಅದರಲ್ಲಿ ಹೆಂಗಸರೂ ಇರಲಿಲ್ಲ. ಆದರೆ ವ್ಯತ್ಯಾಸ ಇಷ್ಟು ದೊಡ್ಡದಿರುವಾಗ, ಟೀ ಕಬ್ಬಿಣಕ್ಕೆ ಅಡ್ಡಿ ಎಂದು ಆಮೇಲಿನ ಎಷ್ಟೋ ಅಧ್ಯಯನಗಳೂ ಹೇಳಿರುವಾಗ, ತಳ್ಳಿಹಾಕುವಂತಿಲ್ಲ.

2024ರ ಅದೇ ಮಾರ್ಗಸೂಚಿ, ಊಟಕ್ಕೆ ಒಂದು ಗಂಟೆ ಮೊದಲು ಮತ್ತು ಊಟವಾದ ಒಂದು ಗಂಟೆವರೆಗೆ ಕಾಫಿ, ಟೀ ಬೇಡ ಎನ್ನುತ್ತದೆ. ಕಬ್ಬಿಣದ ಮಾತ್ರೆ ನುಂಗಿ ಹಿಂದೆಯೇ ಟೀ ಕುಡಿಯುವ ಅಭ್ಯಾಸ ಎಷ್ಟೋ ಮನೆಗಳಲ್ಲಿದೆ. ಮಾತ್ರೆಯ ಪ್ರಯೋಜನ ಅರ್ಧಕ್ಕರ್ಧ ಹಾಳು. ಬಿಸಿ ಏನಾದರೂ ಬೇಕೇ ಬೇಕು ಎಂದರೆ ಅಲ್ಲಿ ರೂಯಿಬೋಸ್ ಮೇಲು. ಒಂದು ಮಾತು ಮಾತ್ರ ನೆನಪಿಡಿ. ರೂಯಿಬೋಸ್ ಕಬ್ಬಿಣವನ್ನು ಕೊಡುವುದಿಲ್ಲ, ಕಸಿಯುವುದು ಕಡಿಮೆ, ಅಷ್ಟೇ. ಇದರಲ್ಲಿ ಕ್ಯಾಲ್ಸಿಯಂ, ಮ್ಯಾಗ್ನೀಷಿಯಂ, ಸತು ತುಂಬಿದೆ ಎಂದು ಬರೆಯುವವರಿದ್ದಾರೆ. ಒಂದು ಲೋಟದಲ್ಲಿ ಬರುವುದು ಲೆಕ್ಕಕ್ಕೆ ಸಿಗದಷ್ಟು ಚೂರು. ಕ್ಯಾಲ್ಸಿಯಂ ಬೇಕಾದರೆ ರಾಗಿ ಮುದ್ದೆ ಉಣ್ಣಿ.

ಆ್ಯಂಟಿಆಕ್ಸಿಡೆಂಟ್ ಎಂಬ ಮಾತು

ಡಬ್ಬಿಯ ಮೇಲಿನ ದೊಡ್ಡ ಅಕ್ಷರ ಇದೇ. ಜೀವಕೋಶಗಳಿಗೆ ಆಗುವ ಹಾನಿಯನ್ನು ತಡೆಯುವ ವಸ್ತು ಎಂದು ಇದರ ಅರ್ಥ. ರೂಯಿಬೋಸ್‌ನಲ್ಲಿ ಆಸ್ಪಲಾಥಿನ್ ಎಂಬ ರಾಸಾಯನಿಕ ಇದೆ. ಬೇರೆ ಗಿಡಗಳಲ್ಲಿ ಅದು ಸಿಗುವುದು ತೀರಾ ಅಪರೂಪ. ಲ್ಯಾಬಿನ ಗಾಜಿನ ನಳಿಕೆಯಲ್ಲಿ ಅದು ಒಳ್ಳೆಯ ಆ್ಯಂಟಿಆಕ್ಸಿಡೆಂಟ್. ಇಲಿಗಳಲ್ಲಿ ರಕ್ತದ ಸಕ್ಕರೆ ಇಳಿಸಿದ ಪ್ರಯೋಗಗಳೂ ಇವೆ. ಇಷ್ಟರವರೆಗೆ ನಿಜ.

ಈಗ ಮುಂದಿನ ಕತೆ. ರಾಶಿ ಹಾಕಿ ಕೆಂಪಾಗಿಸುವಾಗ ಆಸ್ಪಲಾಥಿನ್‌ನ ಬಹುಪಾಲು ಕಳೆದುಹೋಗುತ್ತದೆ. ಹಸಿರು ರೂಯಿಬೋಸ್‌ನಲ್ಲಿ ಅದು ಎಷ್ಟೋ ಪಟ್ಟು ಜಾಸ್ತಿ. ಹಾಗಾದರೆ ಹಸಿರನ್ನೇ ಕುಡಿದರಾಯಿತು ಎನ್ನಬಹುದು. ಕುಡಿದವರ ಮೂತ್ರ ಪರೀಕ್ಷೆ ಮಾಡಿ ನೋಡಿದಾಗ, ಕೆಂಪಾಗಲಿ ಹಸಿರಾಗಲಿ, ಒಳಗೆ ಹೋದ ಈ ಅಂಶಗಳಲ್ಲಿ ಶೇ 1ರಷ್ಟೂ ಪತ್ತೆಯಾಗಲಿಲ್ಲ. ನಳಿಕೆಯಲ್ಲಿ ಕಂಡ ಶಕ್ತಿ ರಕ್ತದವರೆಗೆ ಮುಟ್ಟುವುದು ಬಹಳ ಕಡಿಮೆ ಎಂದು ಇದರ ಅರ್ಥ. ಅಮೆರಿಕದ ಕೃಷಿ ಇಲಾಖೆ ಯಾವ ಆಹಾರದಲ್ಲಿ ಎಷ್ಟು ಆ್ಯಂಟಿಆಕ್ಸಿಡೆಂಟ್ ಬಲವಿದೆ ಎಂಬ ದೊಡ್ಡ ಪಟ್ಟಿಯನ್ನು ಇಟ್ಟುಕೊಂಡಿತ್ತು. 2012ರಲ್ಲಿ ಅದನ್ನು ತೆಗೆದುಹಾಕಿತು. ಆ ಅಂಕಿಗಳನ್ನು ಜಾಹೀರಾತಿನವರು ತಪ್ಪಾಗಿ ಬಳಸುತ್ತಿದ್ದಾರೆ, ಮೈಯೊಳಗಿನ ಪರಿಣಾಮಕ್ಕೂ ಅವಕ್ಕೂ ನೇರ ಸಂಬಂಧವಿಲ್ಲ ಎಂಬುದು ಅದರ ಕಾರಣ.

ಮನುಷ್ಯರ ಮೇಲೆ ನಡೆದದ್ದರಲ್ಲಿ ಹೆಚ್ಚು ಹೆಸರಾದ ಪ್ರಯೋಗ ಕೇಪ್ ಟೌನ್‌ನ ಕೇಪ್ ಪೆನಿನ್ಸುಲಾ ತಂತ್ರಜ್ಞಾನ ವಿಶ್ವವಿದ್ಯಾಲಯದ್ದು. 2011ರಲ್ಲಿ ಪ್ರಕಟವಾಯಿತು. ಹೃದ್ರೋಗದ ಅಪಾಯವಿದ್ದ 40 ಜನರು ಆರು ವಾರ ದಿನಕ್ಕೆ ಆರು ಲೋಟ ರೂಯಿಬೋಸ್ ಕುಡಿದರು. ನಮ್ಮ ಲ್ಯಾಬ್ ರಿಪೋರ್ಟಿನ ಲೆಕ್ಕದಲ್ಲಿ ಹೇಳುವುದಾದರೆ, ಅವರ ಕೆಟ್ಟ ಕೊಲೆಸ್ಟ್ರಾಲ್ ಸರಾಸರಿ 178ರಿಂದ 151ಕ್ಕೆ ಇಳಿಯಿತು, ಒಳ್ಳೆಯದು 35ರಿಂದ 46ಕ್ಕೆ ಏರಿತು. ಕೇಳಲು ಖುಷಿಯಾಗುತ್ತದೆ. ಆದರೆ ಅದೇ ಹೊತ್ತಿಗೆ ರೂಯಿಬೋಸ್ ಕುಡಿಯದ ಇನ್ನೊಂದು ಗುಂಪನ್ನು ಪಕ್ಕದಲ್ಲಿಟ್ಟು ಹೋಲಿಸಿರಲಿಲ್ಲ. ಪ್ರಯೋಗದಲ್ಲಿದ್ದೇವೆ ಎಂದು ಗೊತ್ತಾದ ಮೇಲೆ ಜನ ಊಟತಿಂಡಿಯಲ್ಲೂ ಹುಷಾರಾಗುತ್ತಾರೆ. ಬದಲಾವಣೆ ಪೂರ್ತಿ ರೂಯಿಬೋಸ್‌ನದ್ದೇ ಎಂದು ಹೇಳುವುದು ಕಷ್ಟ. ಇನ್ನು ದಿನಕ್ಕೆ ಆರು ಲೋಟ ನಮ್ಮಲ್ಲಿ ಯಾರು ಕುಡಿಯುತ್ತಾರೆ?

ಬಿಪಿ ವಿಷಯವೂ ಹೀಗೇ. 2010ರ ಸ್ವೀಡನ್ನಿನ ಪ್ರಯೋಗದಲ್ಲಿ 17 ಮಂದಿ 400 ಮಿಲಿಲೀಟರ್ ರೂಯಿಬೋಸ್ ಕುಡಿದರು. ಬಿಪಿ ಏರಿಸುವ ಒಂದು ಕಿಣ್ವದ ಚಟುವಟಿಕೆ ಸ್ವಲ್ಪ ತಗ್ಗಿತು, ಆದರೆ ಬಿಪಿ ಮಾತ್ರ ಬದಲಾಗಲಿಲ್ಲ. ಮಾತ್ರೆ ತೆಗೆದುಕೊಳ್ಳುವವರು ಇದನ್ನು ನಂಬಿ ಮಾತ್ರೆ ಬಿಡಬೇಡಿ. ಸಕ್ಕರೆ ಕಾಯಿಲೆಗೂ ಇದೇ ಮಾತು. ಅಲ್ಲಿ ಸಿಗುವ ಲಾಭ ತೀರಾ ಸರಳವಾದದ್ದು. ದಿನಕ್ಕೆ ನಾಲ್ಕು ಸಲ ಎರಡೆರಡು ಚಮಚ ಸಕ್ಕರೆ ಹಾಕಿದ ಟೀ ಕುಡಿಯುವವರು ಅದರಲ್ಲಿ ಎರಡನ್ನು ಸಕ್ಕರೆಯಿಲ್ಲದ ರೂಯಿಬೋಸ್‌ಗೆ ಬದಲಿಸಿದರೆ ನಾಲ್ಕು ಚಮಚ ಸಕ್ಕರೆ ಉಳಿಯಿತು. ಇದಕ್ಕೆ ಯಾವ ಸಂಶೋಧನೆಯೂ ಬೇಡ.

ಎಳೆ ಮಕ್ಕಳಿಗೆ ಬೇಡ

ರೂಯಿಬೋಸ್ ಜಗತ್ತಿಗೆಲ್ಲ ಗೊತ್ತಾಗಲು ಒಂದು ಅಳುವ ಕೂಸು ಕಾರಣ. 1968ರಲ್ಲಿ ಆನೆಟ್ಯೆ ಥೆರಾನ್ ಎಂಬ ತಾಯಿ, ಹೊಟ್ಟೆನೋವಿನಿಂದ ಅಳುತ್ತಿದ್ದ ತನ್ನ ಮಗುವಿನ ಹಾಲಿಗೆ ರೂಯಿಬೋಸ್ ಬೆರೆಸಿದಾಗ ಅದು ಸುಮ್ಮನಾಯಿತು ಎಂದು ಹೇಳಿದರು. ಆ ತಾಯಿಯ ಸಂಕಟ ಅರ್ಥವಾಗುತ್ತದೆ. ಆದರೆ ಶಿಶುಗಳ ಹೊಟ್ಟೆನೋವು ಮೂರು-ನಾಲ್ಕು ತಿಂಗಳಿಗೆ ಸಾಮಾನ್ಯವಾಗಿ ತಾನೇ ಕಡಿಮೆಯಾಗುತ್ತದೆ. ಆರು ತಿಂಗಳವರೆಗೆ ತಾಯಿಹಾಲು ಬಿಟ್ಟು ಬೇರೇನೂ ಕೊಡಬಾರದು, ನೀರು ಕೂಡ ಬೇಡ, ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಗುಟುಕು ಚಹಾದಿಂದ ಪುಟ್ಟ ಹೊಟ್ಟೆ ತುಂಬಿದರೆ ಹಾಲು ಕುಡಿಯುವುದು ಕಡಿಮೆಯಾಗುತ್ತದೆ. ದಯವಿಟ್ಟು ಈ ಪ್ರಯೋಗ ಮಾಡಬೇಡಿ.

ದೊಡ್ಡವರಿಗೆ ದಿನಕ್ಕೆ ಒಂದೆರಡು ಲೋಟದಿಂದ ತೊಂದರೆಯಾಗುವುದು ಅಪರೂಪ. ಹೆಚ್ಚು ಕುಡಿದ ಕೆಲವರಲ್ಲಿ ಲಿವರ್‌ಗೆ ಪೆಟ್ಟಾದ ಬಿಡಿ ಪ್ರಕರಣಗಳು ವರದಿಯಾಗಿವೆ. ಲಿವರ್ ತೊಂದರೆ ಇರುವವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ಬಸುರಿಯರು ಒಮ್ಮೆ ತಮ್ಮ ಡಾಕ್ಟರ್ ಹತ್ತಿರ ಕೇಳಿಕೊಳ್ಳುವುದು ಒಳ್ಳೆಯದು. ಇನ್ನೊಂದು ವಿಷಯ ಕಳೆಗಿಡಗಳದ್ದು. 2013ರಲ್ಲಿ ಜರ್ಮನಿಯ ಆಹಾರ ಸುರಕ್ಷತಾ ಸಂಸ್ಥೆ ಹಲವು ಗಿಡಮೂಲಿಕೆ ಚಹಾಗಳಲ್ಲಿ, ರೂಯಿಬೋಸ್‌ನಲ್ಲೂ, ಲಿವರ್‌ಗೆ ಹಾನಿ ಮಾಡುವ, ಆಲ್ಕಲಾಯ್ಡ್ ಎಂಬ ಸಸ್ಯ ರಾಸಾಯನಿಕಗಳನ್ನು ಪತ್ತೆಹಚ್ಚಿತು. ಅದು ಹೊಲದಲ್ಲಿ ಬೆಳೆಯ ಜೊತೆ ಸೇರಿ ಕೊಯ್ಲಾಗುವ ಕಳೆಗಿಡಗಳಿಂದ ಬಂದದ್ದು. ಆದ್ದರಿಂದ ಹೆಸರು, ಊರು ಇಲ್ಲದ ಪೊಟ್ಟಣ ಅಗ್ಗಕ್ಕೆ ಸಿಕ್ಕಿತು ಎಂದು ತರಬೇಡಿ. ಆಮದು ಮಾಡಿದವರ ವಿಳಾಸ, ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನಂಬರ್ ಇದೆಯೇ ನೋಡಿ. ಒಂದೇ ಮೂಲಿಕೆಯನ್ನು ವರ್ಷವಿಡೀ ಕುಡಿಯುವ ಬದಲು ಆಗಾಗ ಬದಲಿಸುವುದೂ ಒಳ್ಳೆಯ ಅಭ್ಯಾಸ.

ಮಾಡುವುದು ಹೇಗೆ, ಬದಲಿಗೆ ಏನು

ಒಂದು ಲೋಟ ಕುದಿಯುವ ನೀರಿಗೆ ಒಂದು ಚಮಚ ರೂಯಿಬೋಸ್ ಹಾಕಿ ಮುಚ್ಚಿಡಿ. ಐದರಿಂದ ಹತ್ತು ನಿಮಿಷ ಬಿಡಿ. ಮರೆತು ಅರ್ಧ ಗಂಟೆ ಆದರೂ ಕಹಿಯಾಗುವುದಿಲ್ಲ, ಏಕೆಂದರೆ ಟ್ಯಾನಿನ್ ಕಡಿಮೆ. ಒಲೆ ಮೇಲೆ ನಮ್ಮ ಟೀ ಥರ ಕುದಿಸಿದರೂ ನಡೆಯುತ್ತದೆ. ಕಡ್ಡಿಗಳು ಸೂಜಿಯಷ್ಟು ಸಣ್ಣ, ಮಾಮೂಲಿ ಜಾಲರಿಯಲ್ಲಿ ತೂರಿ ಲೋಟಕ್ಕೆ ಬೀಳುತ್ತವೆ. ಕಾಫಿ ಸೋಸುವ ಬಟ್ಟೆ ಇದ್ದರೆ ಅದೇ ಸರಿ. ಹಾಲು ಹಾಕಬಹುದು, ದಕ್ಷಿಣ ಆಫ್ರಿಕಾದಲ್ಲೂ ಹಾಕುತ್ತಾರೆ. ಒಂದು ಚೂರು ಶುಂಠಿ, ಏಲಕ್ಕಿ ಜಜ್ಜಿ ಹಾಕಿದರೆ ನಮ್ಮ ನಾಲಗೆಗೆ ಬೇಗ ಒಗ್ಗುತ್ತದೆ. ಕಬ್ಬಿಣದ ಚಿಂತೆ ಇರುವವರು ಹಾಲಿನ ಬದಲು ನಿಂಬೆರಸ ಹಿಂಡಿಕೊಳ್ಳಿ. ವಿಟಮಿನ್ ಸಿ ಕಬ್ಬಿಣ ಹತ್ತಲು ಸಹಾಯ ಮಾಡುತ್ತದೆ.

ಬೆಲೆ ಮಾತ್ರ ನಮ್ಮ ಟೀಪುಡಿಗಿಂತ ಬಹಳ ಜಾಸ್ತಿ. ದೂರದಿಂದ ಹಡಗಿನಲ್ಲಿ ಬರಬೇಕಲ್ಲ. ಕೈಗೆಟುಕದಿದ್ದರೆ ಬೇಸರ ಬೇಡ. ಕೆಫೀನ್ ಇಲ್ಲ ಎಂಬ ಲಾಭ ರೂಯಿಬೋಸ್‌ನ ಸ್ವತ್ತೇನೂ ಅಲ್ಲ. ಮಲೆನಾಡು, ಕರಾವಳಿಯ ಮನೆಗಳಲ್ಲಿ ಕೊತ್ತಂಬರಿ, ಜೀರಿಗೆ, ಮೆಂತ್ಯ, ಕಾಳುಮೆಣಸು ಹುರಿದು ಪುಡಿಮಾಡಿಟ್ಟುಕೊಂಡು ಹಾಲು, ಬೆಲ್ಲ ಹಾಕಿ ಕುದಿಸುವ ಕಷಾಯದಲ್ಲೂ ಕೆಫೀನ್ ಇಲ್ಲ. ಬೆಲ್ಲ ಕಡಿಮೆ ಮಾಡಿಕೊಂಡರೆ ರಾತ್ರಿಯ ಲೋಟಕ್ಕೆ ಅದೂ ಸರಿಯಾದ ಆಯ್ಕೆಯೇ. ಮಜ್ಜಿಗೆಹುಲ್ಲಿನ ಕಷಾಯವೂ ಆದೀತು.

ಕಾಫಿ ಬಿಡಬೇಕು ಎಂದಿರುವವರು ಒಂದೇ ದಿನ ಪೂರ್ತಿ ನಿಲ್ಲಿಸಬೇಡಿ. ದಿನವೂ ಕುಡಿಯುವವರು ಥಟ್ಟನೆ ಬಿಟ್ಟರೆ 12ರಿಂದ 24 ಗಂಟೆಯೊಳಗೆ ತಲೆನೋವು ಶುರುವಾಗುತ್ತದೆ, ಸಿಡುಕು, ಮಂಕು ಬರುತ್ತದೆ. ಒಂದೆರಡು ದಿನ ಜೋರಾಗಿದ್ದು, ಕೆಲವರಿಗೆ ಒಂಬತ್ತು ದಿನದವರೆಗೂ ಎಳೆಯಬಹುದು. ಬೆಳಗಿನ ಕಾಫಿ ಹಾಗೇ ಇರಲಿ. ಮೊದಲ ವಾರ ರಾತ್ರಿ ಊಟದ ಹೊತ್ತಿನದನ್ನು ಬದಲಿಸಿ, ಮುಂದಿನ ವಾರ ಸಂಜೆಯದನ್ನು. ಮಧ್ಯಾಹ್ನ ಊಟವಾದ ಕೂಡಲೇ ಕುಡಿಯುವ ಟೀ ಇದ್ದರೆ, ರಕ್ತ ಕಡಿಮೆ ಇರುವವರು ಮಾತ್ರ ಅದನ್ನೇ ಎಲ್ಲಕ್ಕಿಂತ ಮೊದಲು ಬದಲಿಸಿ.